ಹಸಿ ಅರಿವಿ ಮಾಳಗಿಗಿ ಯಾಕ ಒಯ್ತೀರಿ?

ಹೋಳಿ ಹುಣ್ಣಿಮಿ ಬಂತಂದ್ರ ನಮ್ಮ ಕಡಿ ಹೆಣ್ಮಕ್ಕಳ ಫೋನಿನಾಗ ಒಂದೇ ಮಾತು. ಮೂಗ ಒಣಗಿ ಉರಿಲತ್ತದ, ತುಟಿ ಒಡದಾವ, ಸಣ್ಣ ಹುಡುಗನ ಮೂಗಿನಾಗ ರಕ್ತ ಬಂತು, ಅತ್ತಿಯವರು ರಾತ್ರಿಪೂರಾ ಒಣ ಕೆಮ್ಮು ಕೆಮ್ಮತಾರ. ಕರೆಂಟು ಹೋದ್ರಂತೂ ಕೂಲರ್ ಇದ್ದೂ ಇಲ್ಲದಂಗ. ಬಸವಕಲ್ಯಾಣದ ನನ್ನ ತವರಿನವರೂ ಇದೇ ಹೇಳ್ತಾರ, ಇಲ್ಲಿ ಹುಮನಾಬಾದದ ನಮ್ಮ ಓಣಿಯವರೂ ಇದೇ ಹೇಳ್ತಾರ. ಹೇಳಿ ಮುಗಿಯೋದರೊಳಗ ಯಾರಾದ್ರೂ ಒಬ್ಬರು ಉಪಾಯ ಕೊಡ್ತಾರ: ಖೋಲಿ ಮೂಲ್ಯಾಗ ಒಂದು ಬಟ್ಟಲ ನೀರ ಇಡ್ರಿ, ಗಾಳಿ ಹಸಿ ಆಗ್ತದ.

ನಾ ಹೇಳೋದು, ಬಟ್ಟಲ ನೀರ ಇಟ್ಟು ಸಮಾಧಾನ ಮಾಡ್ಕೋಬ್ಯಾಡ್ರಿ. ಅದರಿಂದ ಆಗೋದು ಅಷ್ಟಕ್ಕಷ್ಟೇ. ಖರೇ ಉಪಾಯ ನಮ್ಮ ಕೈಯಾಗೇ ಅದ. ದಿನಾ ಮುಂಜಾನೆ ಅದನ್ನ ಬಕೀಟಿನಾಗ ತುಂಬಿಕೊಂಡು ಮೆಟ್ಟಲ ಹತ್ತಿ ಮಾಳಗಿ ಮ್ಯಾಲಿನ ಬಿಸಿಲಿಗಿ ಕೊಟ್ಟು ಬರ್ಲತ್ತೀವಿ. ಒಗದು ಹಿಂಡಿದ ಅರಿವಿ! ಬ್ಯಾಸಗಿ ಮೂರು ತಿಂಗಳು ಅರಿವಿ ಒಣಗಸೋ ಹಗ್ಗ ಮನಿ ಒಳಗ ಇರಬೇಕು, ಹೊರಗಲ್ಲ. ಇದು ನನ್ನ ಗಟ್ಟಿ ಅಭಿಪ್ರಾಯ. ಯಾಕಂತ ಹೇಳ್ತೀನಿ, ಜರಾ ಕುಂತು ಓದ್ರಿ.

ಮೊದಲ ಗಾಳಿ ಯಾಕ ಒಣಗ್ತದ ಅನ್ನೋದು ನೋಡಮು. ನಾ ಪಿಯುಸಿ ಸೈನ್ಸ್ ಮುಗಿಸಿದಾಕಿ, ಮುಂದ ಮದಿವಿ ಆಯ್ತು, ಆದ್ರ ಓದಿದ್ದು ಒಂದೆರಡು ತಲ್ಯಾಗ ಉಳದಾವ. ಗಾಳಿ ಅಂದ್ರ ನೀರ ಹಿಡಿಯೋ ಒಂದು ಪಾತ್ರಿ ಅಂತ ತಿಳ್ಕೊಳ್ರಿ. ಬಿಸಿ ಏರಿದಂಗ ಆ ಪಾತ್ರಿ ದೊಡ್ಡದಾಗ್ತದ. 20 ಡಿಗ್ರಿ ಇದ್ದಾಗ ಒಂದು ಘನ ಮೀಟರ್ ಗಾಳಿ ಹೆಚ್ಚಂದ್ರ ಸುಮಾರು 17 ಗ್ರಾಂ ನೀರಿನ ಆವಿ ಹಿಡೀತದ. 40 ಡಿಗ್ರಿ ಆದಾಗ ಅದೇ ಗಾಳಿ ಸುಮಾರು 51 ಗ್ರಾಂ ಹಿಡೀತದ, ಮೂರು ಪಟ್ಟು. ಮುಂಜಾನೆ ಗಾಳ್ಯಾಗ ಇದ್ದಷ್ಟೇ ನೀರು ಮಧ್ಯಾಹ್ನನೂ ಇರ್ತದ, ಪಾತ್ರಿ ಮಾತ್ರ ದೊಡ್ಡದಾಗಿ ಬಾಯಿ ತೆರದು ನಿಂತಿರ್ತದ. ಎಲ್ಲಿ ಹಸಿ ಸಿಗ್ತದ ಅಲ್ಲಿಂದ ಹೀರ್ತದ. ಹೊಲದಾಗಿನ ಎರಿ ಮಣ್ಣು ಬಿರುಕು ಬಿಡೋದೂ ಹಂಗೇ, ಬಾಗಿಲ ಕಟಗಿ ಸೀಳೋದೂ ಹಂಗೇ, ನಮ್ಮ ಮೂಗಿನ ಒಳಗಿನ ತೆಳು ಚರ್ಮ ಒಣಗೋದೂ ಹಂಗೇ. ಸಮುದ್ರ ನಮ್ಮಿಂದ ದೂರ, ಬ್ಯಾಸಗ್ಯಾಗ ಬೀಸೋದು ಒಣ ಭೂಮಿ ಮ್ಯಾಲ ಹಾದು ಬಂದ ಗಾಳಿ. ಮಂಗಳೂರಿಗಿ ಹೋದ ನನ್ನ ತಂಗಿ ಮಗಳು ಅಲ್ಲಿ ಬೆವರು ಆರಂಗಿಲ್ಲ ಅಂತ ಅಳ್ತಾಳ, ನಮ್ಮಲ್ಲಿ ಬೆವರು ಬಂದದ್ದೇ ಗೊತ್ತಾಗಂಗಿಲ್ಲ, ಅಷ್ಟು ಜಲ್ದಿ ಆರ್ತದ. ಹಿಂಗಾಗೇ ನಮ್ಮ ಮುದುಕರು ನನಗ ಬೆವರೇ ಇಲ್ಲ, ನೀರ ಯಾಕ ಕುಡೀಲಿ ಅಂತ ಕೇಳ್ತಾರ. ಬೆವರು ಬಂದದ, ಗಾಳಿ ಕುಡದು ಹೋಗ್ಯಾದ.

ಈಗ ಬಟ್ಟಲದ ಲೆಕ್ಕಕ್ಕ ಬರಮು. ಹತ್ತು ಫೂಟ ಅಗಲ, ಹನ್ನೆರಡು ಫೂಟ ಉದ್ದ, ಹತ್ತು ಫೂಟ ಎತ್ತರದ ಖೋಲಿ ಅಂದ್ರ ಸುಮಾರು 34 ಘನ ಮೀಟರ್ ಗಾಳಿ. 40 ಡಿಗ್ರಿ ಬಿಸಿಯಾಗ, ತೇವಾಂಶ ಶೇಕಡಾ 20 ಇದ್ರ, ಆ ಖೋಲ್ಯಾಗಿನ ಎಲ್ಲಾ ಗಾಳಿ ಸೇರಿ ಹಿಡದಿರೋ ನೀರು ಹೆಚ್ಚು ಕಡಿಮಿ 350 ಎಂಎಲ್. ಅದನ್ನ ಶೇಕಡಾ 40ಕ್ಕ ಏರಸಬೇಕಂದ್ರ ಮತ್ತ 350 ಎಂಎಲ್ ಬೇಕು. ಅದೂ ಒಂದು ಸಲ ಅಲ್ಲ. ಕಿಡಕಿ ಸಂದಿ, ಬಾಗಿಲ ಸಂದಿ ಹಾದು ಒಳಗಿನ ಗಾಳಿ ಹೊರಗ ಹೋಗಿ ಹೊರಗಿನ ಒಣ ಗಾಳಿ ಒಳಗ ಬರ್ತಾನೇ ಇರ್ತದ, ಅದಕ್ಕ ತಾಸಿಗೊಮ್ಮೆ ಅಷ್ಟಷ್ಟು ನೀರು ಆರ್ತಾ ಇರಬೇಕು. ನಾ ಒಂದು ಗೇಣಗಲದ ಸ್ಟೀಲ್ ಬಟ್ಟಲಕ್ಕ ಪೆನ್ನಿನಿಂದ ಗೀಟು ಎಳದು ಮಧ್ಯಾಹ್ನ ಹನ್ನೆರಡರಿಂದ ನಾಕರ ತನಕ ಇಟ್ಟು ನೋಡೀನಿ. ಕಡಿಮಿ ಆಗಿದ್ದು ನಾಕೈದು ಚಮಚ! ನೀರಿಗಿ ಆರಾಕ ಜಾಗಾ ಬೇಕು, ಗಾಳಿ ಬಡೀಬೇಕು. ಮೂಲ್ಯಾಗ ಕುಂತ ಬಟ್ಟಲಕ್ಕ ಎರಡೂ ಇಲ್ಲ.

ಅದೇ ದಿನ ನನ್ನ ಒಂದು ಕಾಟನ್ ಸೀರಿ ತೂಗಿದೆ, ಅಡಗಿ ಮನಿ ತೂಕದ ಮಷೀನಿನ ಮ್ಯಾಲ. ಒಣ ಇದ್ದಾಗ 460 ಗ್ರಾಂ. ಒಗದು, ಕೈಲೇ ಗಟ್ಟಿ ಹಿಂಡಿ, ತಟತಟ ಸೋರೋದು ನಿಂತ ಮ್ಯಾಲ 850 ಗ್ರಾಂ. ಅಂದ್ರ 390 ಎಂಎಲ್ ನೀರು ಆ ಸೀರ್ಯಾಗ ಕುಂತದ. ಸೀರಿ ಐದೂವರಿ ಮೀಟರ್ ಉದ್ದ, ಎರಡೂ ಮಗ್ಗಲ ಗಾಳಿ ಬಡೀತದ. ಪಡಸಾಲಿಯಿಂದ ಅಡಗಿ ಮನಿಗಿ ಹೋಗೋ ಬಾಗಲದಾಗ ಎರಡು ಮಡಿಕಿ ಮಾಡಿ ಹಾಕಿದೆ, ತಾಸೂಕಾಲು ತಾಸಿನಾಗ ಖಡಕ್ ಒಣಗ್ತು. ಆ ನೀರೆಲ್ಲಾ ಮನಿ ಗಾಳಿಗೇ ಹೋಯ್ತು. ಮಗ ಪುಣಾದಿಂದ ತಂದ ಒಂದು ಗೋಡಿ ಗಡಿಯಾರ ಅದ, ಟೈಮಿನ ಕೆಳಗ ಬಿಸಿ ಎಷ್ಟು, ತೇವಾಂಶ ಎಷ್ಟು ಅಂತನೂ ತೋರಸ್ತದ. ಮಧ್ಯಾಹ್ನ 19 ಇದ್ದದ್ದು ಎರಡು ಸೀರಿ ಹಾಕಿದ ಮ್ಯಾಲ ಒಂದು ತಾಸಿನಾಗ 36ಕ್ಕ ಬಂತು. ಬಿಸಿ 38 ಇದ್ದದ್ದು 35 ಆಯ್ತು. ಈ ಗಡಿಯಾರದ ಲೆಕ್ಕ ಬಂಗಾರದ ತಕ್ಕಡಿ ಅಲ್ಲ, ಒಂದೆರಡು ಹೆಚ್ಚು ಕಡಿಮಿ ಇರಬಹುದು. ಆದ್ರ ಮೂಗಿಗಿ ಗೊತ್ತಾಗ್ತದ, ಗಡಿಯಾರ ಬ್ಯಾಡ.

ಬಿಸಿ ಯಾಕ ಇಳೀತು ಅಂದ್ರ, ನೀರು ಸುಮ್ನ ಆರಂಗಿಲ್ಲ, ಶಾಖ ತಗೊಂಡೇ ಆರ್ತದ. ತಣ್ಣನ್ನ ನೀರು ಕುದಿಯೋ ತನಕ ಕಾಸಾಕ ಎಷ್ಟು ಗ್ಯಾಸ್ ಬೇಕೋ, ಆ ಕುದಿಯೋ ನೀರು ಪೂರಾ ಆರಿ ಹೋಗಾಕ ಅದರ ಐದು ಪಟ್ಟಿಗಿಂತ ಹೆಚ್ಚು ಬೇಕಾಗ್ತದ. ಬೇಳಿ ಗಡಿಗಿ ಮರೆತು ಒಲಿ ಮ್ಯಾಲ ಬಿಟ್ಟವರಿಗಿ ಗೊತ್ತು, ಕುದಿ ಬರೋದು ಜಲ್ದಿ, ನೀರು ಇಂಗೋದು ತಡ. ಸೀರಿ ಆರೋ ಮುಂದ ಆ ಶಾಖ ಗ್ಯಾಸಿನಿಂದ ಬರಂಗಿಲ್ಲ, ಖೋಲಿ ಗಾಳಿಯಿಂದ ಬರ್ತದ. ಅದಕ್ಕ ಖೋಲಿ ತಂಪ ಆಗ್ತದ. ಮಣ್ಣಿನ ಗಡಗಿ ನೀರು ತಂಪಾಗೋದೂ ಇದೇ ಕಾರಣಕ್ಕ, ಹೊರಮೈ ಬೆವತು ಆರ್ತದ, ಒಳಗಿನ ಶಾಖ ತಗೊಂಡು ಹೋಗ್ತದ.

ಈಗ ನಿಮ್ಮ ಮನಿ ಲೆಕ್ಕ ಹಾಕ್ರಿ. ನಾಕೈದು ಮಂದಿ ಮನ್ಯಾಗ ದಿನಕ್ಕ ನಾಕು ಕಿಲೋ ಅರಿವಿ ಅಂತ ಹಿಡದ್ರೂ, ಕೈಲೇ ಹಿಂಡಿದ ಮ್ಯಾಲ ಅದರಾಗ ಮೂರು ಲೀಟರ್ ನೀರು ಉಳದಿರ್ತದ. ಅದು ತಂದ ನೀರು. ನಮ್ಮ ಓಣ್ಯಾಗ ಬ್ಯಾಸಗ್ಯಾಗ ನಳ ಬರೋದು ನಾಕು ದಿನಕ್ಕೊಮ್ಮೆ, ಅದೂ ರಾತ್ರಿ ಯಾವಾಗ ಬರ್ತದ ಗೊತ್ತಿಲ್ಲ, ಬಂದಾಗ ಎದ್ದು ಕೂಡಬೇಕು. ಟ್ಯಾಂಕರಿಗಿ ರೊಕ್ಕ ಕೊಟ್ಟವರು ಎಷ್ಟು ಮಂದಿ ಇದ್ದೀರಿ ನಿಮಗೇ ಗೊತ್ತು. ಅಷ್ಟು ಕಷ್ಟಪಟ್ಟು ತಂದ ನೀರಿನಾಗಿಂದು ಮೂರು ಲೀಟರ್ ಮಾಳಗಿ ಮ್ಯಾಲಿನ ಆಕಾಶಕ್ಕ ಬಿಟ್ಟು, ಕೆಳಗ ಬಂದು ಖೋಲಿ ಒಣಗ್ಯಾದ ಅಂತ ಮತ್ತೊಂದು ಬಕೀಟು ನೀರು ಫರಸಿಗಿ ಚಿಮಕಸ್ತೀವಿ. ಇದ್ಯಾವ ಲೆಕ್ಕ ಹೇಳ್ರಿ!

ನೀರಿಗಿಂತ ದೊಡ್ಡ ಮಾತು ಮತ್ತೊಂದು ಅದ. ಆ ನೀರು ಚಿಮಕಸೋರು ಯಾರು? ಏಪ್ರಿಲ್, ಮೇ ತಿಂಗಳದಾಗ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಮುಂಜಾನೆ 8ಕ್ಕ ಸುರು ಆಗಿ ಮಧ್ಯಾಹ್ನ 1.30ಕ್ಕ ಮುಗೀತಾವ. ಬಿಸಿಲಿನ ಸಲುವಾಗಿ ಆದೇಶ ಬರ್ತದ, ಬರಲಿ, ಒಳ್ಳೇದೇ. ಅಡಗಿ ಮನಿಗಿ ಅಂಥ ಆದೇಶ ಯಾರೂ ಹೊರಡಿಸಿಲ್ಲ. ಸಾಹೇಬರು ಎರಡಕ್ಕ ಮನಿಗಿ ಬಂದು ಉಂಡು, ಏ ಧಗಿ ಭಾಳ ಆಗ್ಯಾದ, ಜರಾ ನೀರ ಹೊಡಿ, ಆ ಪಡದಾ ಹಸಿ ಮಾಡು ಅಂತಾರ. ಸೊಸಿ ಏಳಬೇಕು. ಅರ್ಧಾ ತಾಸಿಗಿ ಆರ್ತದ, ಮತ್ತ ಏಳಬೇಕು. ತಂಪ ಯಾರಿಗಿ, ಓಡಾಟ ಯಾರಿಗಿ?

ಇದು ಹೊಸಾದೂ ಅಲ್ಲ. ನಮ್ಮ ಅಜ್ಜಿ ಖಸ್ ತಟ್ಟಿ ಬಗ್ಗೆ ಹೇಳ್ತಿದ್ದಳು. ಲಾವಂಚದ ಬೇರು ನೇದು ಮಾಡಿದ ಪಡದಾ ಬಾಗಿಲಿಗಿ ಕಟ್ಟಿ ನೀರ ಹೊಡದ್ರ ಒಳಗ ಘಮಘಮ ತಂಪು ಗಾಳಿ. 1948ರ ಮುಂಚೆ, ನಿಜಾಮನ ರಾಜ್ಯದಾಗ ನಾವು ಇದ್ದ ಕಾಲಕ್ಕ, ದೊಡ್ಡ ದೊಡ್ಡ ವಾಡೇದೊಳಗ, ಅಧಿಕಾರಿಗಳ ಬಂಗಲೇದಾಗ ಇವು ಇರ್ತಿದ್ದವು. ಎಲ್ಲಾರೂ ಆ ಘಮದ ಮಾತೇ ಆಡ್ತಾರ. ಹೊರಗ ಬಿಸಿಲಿನಾಗ ನಿಂತು ದಿನವಿಡೀ ತಟ್ಟಿಗಿ ನೀರ ಗೊಜ್ಜೋ ಆಳಿನ ಮಾತು ಯಾರೂ ಆಡಂಗಿಲ್ಲ. ಒಳಗಿನವರಿಗಿ ತಂಪ ಕೊಡಾಕ ಒಬ್ಬ ಹೊರಗ ಸುಡಬೇಕಾಗಿತ್ತು. ಈಗ ಆಳು ಇಲ್ಲ, ಮನಿ ಹೆಂಗಸು ಇದ್ದಾಳ. ಅದಕ್ಕ ನಾ ಯಾವ ಉಪಾಯ ನೋಡಿದ್ರೂ ಮೊದಲ ಕೇಳೋದು, ಇದು ನಮ್ಮ ಕೆಲಸ ಹೆಚ್ಚಿಸ್ತದೋ ಕಡಿಮಿ ಮಾಡ್ತದೋ. ಅರಿವಿ ಹೆಂಗಿದ್ರೂ ಒಗೀಬೇಕು, ಹೆಂಗಿದ್ರೂ ಒಣಗಸಬೇಕು. ಒಳಗ ಹಾಕಿದ್ರ ಬಕೀಟು ಹೊತ್ತು ಮೆಟ್ಟಲ ಹತ್ತೋದು ಉಳೀತದ. ಐವತ್ತು ದಾಟಿದ ಮೊಣಕಾಲು ಇದ್ದವರು ಈ ಮಾತಿಗಿ ಹ್ಞೂ ಅಂತೀರಿ, ಗೊತ್ತು.

ಇನ್ನ ಒಪ್ಪದವರ ಮಾತು. ಮನಿ ಒಳಗ ಹಸಿ ಅರಿವಿ ತೂಗಿ ಹಾಕಿದ್ರ ಚಂದ ಕಾಣಂಗಿಲ್ಲ, ಬಂದವರು ಏನಂತಾರ ಅಂತ ನನ್ನ ನಾದಿನಿ ಕೇಳ್ತಾಳ. ಮೇ ತಿಂಗಳ ಮಧ್ಯಾಹ್ನ ಎರಡಕ್ಕ ಯಾರ ಮನಿಗಿ ಯಾರು ಬರ್ತಾರವ್ವ? ಬಂದ್ರೂ ತಂಪ ಖೋಲ್ಯಾಗ ಕೂಡಸಿ ಮಜ್ಜಿಗಿ ಕೊಟ್ರ ಹಗ್ಗದ ಕಡಿ ಯಾರೂ ನೋಡಂಗಿಲ್ಲ. ಒಳ ಅರಿವಿ ಎಲ್ಲರ ಕಣ್ಣಿಗಿ ಬೀಳೋ ಹಂಗ ಹಾಕಬೇಕಂತ ನಾನೂ ಹೇಳಂಗಿಲ್ಲ. ಸೀರಿ, ಚಾದರ, ಧೋತರ, ಟವಲ್, ಇವಿಷ್ಟೇ ಸಾಕು, ನೀರು ಹಿಡಿಯೋದೂ ಇವೇ ಹೆಚ್ಚು. ಕೂಸಿನ ಅರಿವಿ, ಬ್ಯಾನಿ ಬಿದ್ದವರ ಹಾಸಿಗಿ, ಒಳ ಅರಿವಿ, ಇವಕ್ಕ ಬಿಸಿಲೇ ಬೇಕು, ಬಿಸಿಲು ಹುಳ ಕೊಲ್ತದ. ಅವನ್ನ ಮಾಳಗಿಗೇ ಒಯ್ರಿ.

ವಾಸನಿ ಬರ್ತದ ಅನ್ನೋರಿಗಿ ಒಂದು ಮಾತು. ವಾಸನಿ ಬರೋದು ಅರಿವಿ ತಾಸುಗಟ್ಲೆ ಹಸಿ ಇದ್ದಾಗ, ಮಳಿಗಾಲದಾಗ. ಬ್ಯಾಸಗ್ಯಾಗ ತಾಸು, ಎರಡು ತಾಸಿಗಿ ಒಣಗೋ ಅರಿವಿಗಿ ವಾಸನಿ ಎಲ್ಲಿಂದ ಬರಬೇಕು? ಸಾಬಾನು ಪುಡಿ ಪೂರಾ ಹೋಗೋ ತನಕ ಜಾಲಸಿರಬೇಕು, ಅಷ್ಟೇ. ದಮ್ಮಿನ ತ್ರಾಸ ಇದ್ದವರು ಘಾಟು ಸುಗಂಧದ ಪುಡಿ ಹಾಕಿದ ಅರಿವಿ ತಮ್ಮ ಖೋಲ್ಯಾಗ ಹಾಕಬ್ಯಾಡ್ರಿ.

ಹಗ್ಗ ಎಲ್ಲಿ ಕಟ್ಟಬೇಕು ಅನ್ನೋದು ಮುಖ್ಯ. ಮೂಲ್ಯಾಗ ಅಲ್ಲ, ಗಾಳಿ ಬರೋ ಹಾದಿಗಿ ಅಡ್ಡ. ಪಡುವಣ ಕಿಡಕಿಯಿಂದ ಗಾಳಿ ಬರ್ತದ ಅಂದ್ರ ಆ ಕಿಡಕಿಗಿ ಒಂದು ಮೊಳ ಒಳಗ. ಎದುರಿನ ಗೋಡ್ಯಾಗ ಒಂದು ಕಿಡಕಿ ಇಲ್ಲಾ ಬಾಗಿಲ ಒಂದು ಗೇಣು ತೆರದಿರಲಿ. ಇದನ್ನ ಮರೀಬ್ಯಾಡ್ರಿ, ಯಾಕಂದ್ರ ಎಲ್ಲಾ ಬಂದ್ ಮಾಡಿ ಒಳಗ ಹಸಿ ಅರಿವಿ ಹಾಕಿದ್ರ ಗಾಳಿ ಅಂಟಂಟ ಆಗಿ ಮೈ ಬೆವರು ಆರೋದು ನಿಂತುಬಿಡ್ತದ. ಅದು ಒಣ ಗಾಳಿಗಿಂತ ಕೆಟ್ಟ. ಕೂಲರ್ ಹಚ್ಚಿ ಕಿಡಕಿ ಬಾಗಿಲ ಮುಚ್ಚೋ ಮನಿಗಳಾಗ ರಾತ್ರಿ ಉಸಿರು ಕಟ್ಟಿದಂಗ ಆಗೋದು ಇದೇ ಕಾರಣಕ್ಕ. ಗಡಿಯಾರ ಇದ್ದವರು 40ರಿಂದ 50ರ ನಡುವ ಇಟ್ಟುಕೊಳ್ರಿ, 60 ದಾಟಬಾರದು. ಗಡಿಯಾರ ಇಲ್ಲದವರು ಕೈ ನೋಡ್ಕೊಳ್ರಿ: ಮುಂಗೈ ಅಂಟಲತ್ತದ ಅಂದ್ರ ಅರಿವಿ ತಗೀರಿ, ಕಿಡಕಿ ತೆರೀರಿ.

ಫರಸಿಗಿ ನೀರ ಹೊಡಿಯೋದು ನನಗ ಪಸಂದ ಇಲ್ಲ. ತವರು ಮನಿ ಕೆಂಪು ತೂತಿನ ಕಲ್ಲಿನ ಗೋಡಿ, ಮಣ್ಣಿನ ಮಾಳಗಿ, ಸಾರಿಸಿದ ನೆಲ. ಅಲ್ಲಿ ಅವ್ವ ಮಧ್ಯಾಹ್ನ ಒಂದು ತಂಬಿಗಿ ನೀರು ಚಿಮಕಿಸಿದ್ರ ನೆಲ ಕುಡಕೊಂಡು ಸಂಜಿ ತನಕ ಸ್ವಲ್ಪ ಸ್ವಲ್ಪ ಬಿಡ್ತಿತ್ತು. ಆ ಕೆಂಪು ಕಲ್ಲೂ ಹಂಗೇ. ಬಸವಕಲ್ಯಾಣದ ಅಕ್ಕ ನಾಗಮ್ಮನ ಗವಿಗಿ ಬ್ಯಾಸಗ್ಯಾಗ ಹೋದವರಿಗಿ ಗೊತ್ತು, ಹೊರಗ ಅಂಗಾಲು ಸುಡ್ತಿರ್ತದ, ಒಳಗ ಕಾಲಿಟ್ಟ ಕೂಡಲೇ ಮೈಗಿ ತಂಪು ಬಡೀತದ. ಈಗಿನ ನಮ್ಮ ಹುಮನಾಬಾದದ ಮನಿ ಸ್ಲ್ಯಾಬಿಂದು, ನೆಲಕ್ಕ ಶಹಾಬಾದ ಫರಸಿ, ಹಾಲಿನಾಗ ಟೈಲ್ಸ್. ಇವು ನೀರ ಕುಡ್ಯಂಗಿಲ್ಲ. ಮ್ಯಾಲೇ ನಿಂತು ಹತ್ತು ಮಿನಿಟಿಗಿ ಆರಿ ಹೋಗ್ತದ, ಆ ಹತ್ತು ಮಿನಿಟಿನಾಗ ಯಾರಾದ್ರೂ ಜಾರತಾರ. ನಮ್ಮ ಓಣ್ಯಾಗ ಒಬ್ಬ ಅಜ್ಜಿ ಹಿಂಗೇ ಜಾರಿ ತೊಡಿ ಎಲಬು ಮುರಕೊಂಡು ಹಾಸಿಗಿ ಹಿಡದಳು. ತಂಪಿನ ಸಲುವಾಗಿ ಅಷ್ಟು ದೊಡ್ಡ ಬೆಲಿ ಬ್ಯಾಡ. ಮುದುಕರಿರೋ ಮನ್ಯಾಗ ನೆಲ ಒಣ ಇರಲಿ, ಹಗ್ಗ ಹಸಿ ಇರಲಿ. ಅರಿವಿ ತಟಕು ಬಿಡದಂಗ ಹಿಂಡಿ ಹಾಕ್ರಿ, ಕೆಳಗ ಒಂದು ಗೋಣಿಚೀಲ ಹಾಸ್ರಿ.

ರಂಜಣಗಿ ಮಾತ್ರ ನನಗ ಇಷ್ಟ. ಹೊಸ ಮಣ್ಣಿನ ರಂಜಣಗಿ, ಕೆಳಗ ಉಸುಕು, ಉಸುಕಿನಾಗ ಕೊತ್ತಂಬರಿ ಬೀಜ. ನೀರು ತಂಪ, ಕಣ್ಣಿಗಿ ಹಸರು. ಗಾಳಿಗಿ ಅದು ಕೊಡೋ ಹಸಿ ಸೀರಿಯಷ್ಟಲ್ಲ, ಆದ್ರ ದಿನಪೂರಾ ಕೊಡ್ತದ, ಯಾರೂ ಏಳಬೇಕಾಗಿಲ್ಲ. ಆ ಉಸುಕಿನ ತಟ್ಟಿ, ಕೂಲರಿನ ಟಾಕಿ, ಹಕ್ಕಿಗಿಟ್ಟ ಬೋಗುಣಿ, ಇವನ್ನೆಲ್ಲಾ ವಾರಕ್ಕೊಮ್ಮೆ ಪೂರಾ ಖಾಲಿ ಮಾಡಿ ತಿಕ್ಕಿ ಒಣಗಿಸ್ರಿ. ಡೆಂಗಿ ಸೊಳ್ಳಿ ನಿಂತ ಶುದ್ಧ ನೀರಿನಾಗೇ ತತ್ತಿ ಇಡ್ತದ, ಏಳರಿಂದ ಹತ್ತು ದಿನದಾಗ ಸೊಳ್ಳಿ ಆಗಿ ಹಾರ್ತದ. ಖೋಲಿ ಮೂಲ್ಯಾಗಿನ ಬಟ್ಟಲದ ಮ್ಯಾಲ ನನಗಿರೋ ಸಿಟ್ಟಿನಾಗ ಇದೂ ಒಂದು. ಇಟ್ಟವರು ಮರೀತಾರ, ಸೊಳ್ಳಿ ಮರೆಯಂಗಿಲ್ಲ.

ಬೀದರ ಕಿಲ್ಲಾ ನೋಡಾಕ ಹೋದಾಗ ಲಾಲ್ ಬಾಗದಾಗಿನ ಹೊಂಡ, ನೀರು ಹರಿಯೋ ಕಾಲುವಿ ನೋಡಿರಬೇಕು ನೀವು. ಬಹಮನಿ ಸುಲ್ತಾನರೂ ಈ ಒಣ ಗಾಳಿಗಿ ಉಪಾಯ ಮಾಡಿದವರೇ, ಅವರಿಗಿ ಹರಿಯೋ ನೀರಿತ್ತು, ಹರಿಸೋ ಮಂದಿ ಇದ್ರು. ನಮಗ ಒಗದ ಸೀರಿ ಅದ.

ಒಂದು ಎಚ್ಚರಿಕಿ ಹೇಳಲೇಬೇಕು. ಹಗ್ಗದ ಮ್ಯಾಲಿನ ಹಸಿ ಸೀರಿ ಮೂಗಿಗಿ, ಗಂಟಲಿಗಿ, ನಿದ್ದಿಗಿ ಆರಾಮ ಕೊಡ್ತದ. ಬಿಸಿಲು ಬಡದವರಿಗಿ ಅದು ಔಷಧ ಅಲ್ಲ. ಮುದುಕರು ಮಾತು ತೊದಲಲತ್ತಾರ, ಏನೇನೋ ಅನ್ನಲತ್ತಾರ, ಮೈ ಕೆಂಡದಂಗ ಸುಡ್ತದ ಅಂದ್ರ ಹಸಿ ಅರಿವಿ ಹಗ್ಗದ ಮ್ಯಾಲ ಅಲ್ಲ, ಅವರ ಮೈ ಮ್ಯಾಲ ಹಾಕ್ರಿ, ಕುತಗಿ, ಕಂಕುಳು, ತೊಡಿ ಸಂದ್ಯಾಗ. ಬೀಸಣಿಕಿಲೇ ಬೀಸ್ರಿ, ಮತ್ತ 108ಕ್ಕ ಫೋನ್ ಮಾಡ್ರಿ. ಎಚ್ಚರ ಇಲ್ಲದವರ ಬಾಯಾಗ ನೀರ ಹಾಕಬ್ಯಾಡ್ರಿ.

ಹುಡುಗರ ಮೂಗಿನ ರಕ್ತದ ಮಾತೂ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರ ನಮ್ಮಲ್ಲಿ ಎಲ್ಲಾರೂ ಹುಡುಗನ ತಲಿ ಹಿಂದ ಬಗ್ಗಿಸಿ ನೆತ್ತಿಗಿ ನೀರ ಹೊಯ್ತಾರ, ಉಳ್ಳಾಗಡ್ಡಿ ಮೂಸಸ್ತಾರ. ತಲಿ ಹಿಂದ ಬಗ್ಗಿಸಿದ್ರ ರಕ್ತ ಗಂಟಲಕ್ಕ ಇಳದು ವಾಂತಿ ಆಗ್ತದ. ಕೂಡಸ್ರಿ, ಮುಖ ಜರಾ ಮುಂದ ಬಗ್ಗಿಸ್ರಿ, ಮೂಗಿನ ಎಲಬಿನ ಕೆಳಗಿನ ಮೆತ್ತನ್ನ ಭಾಗ ಎರಡು ಬೆರಳಿಲೇ ಹತ್ತು ಮಿನಿಟು ಬಿಡದಂಗ ಹಿಡೀರಿ, ಬಾಯಿಲೇ ಉಸಿರಾಡಲಿ. ನಡುನಡುವ ಬಿಟ್ಟು ನಿಂತದೇನು ಅಂತ ನೋಡಬ್ಯಾಡ್ರಿ. ಅರ್ಧಾ ತಾಸು ಆದ್ರೂ ನಿಲ್ಲಲಿಲ್ಲ, ಇಲ್ಲಾ ಮ್ಯಾಲಿಂದ ಮ್ಯಾಲ ಬರ್ತದ ಅಂದ್ರ ಡಾಕ್ಟರಿಗಿ ತೋರಸ್ರಿ. ದೊಡ್ಡವರಿಗಿ ಬಂದ್ರ ಬಿಪಿನೂ ನೋಡಿಸ್ರಿ, ಎಲ್ಲಾ ಒಣ ಗಾಳಿ ತಲಿಗೇ ಕಟ್ಟಬ್ಯಾಡ್ರಿ.

ಥಂಡಿ ದಿನಕ್ಕ ಲೆಕ್ಕ ಬ್ಯಾರೆ. ಡಿಸೆಂಬರ್, ಜನವರಿಯಾಗ ನಮ್ಮ ಬೀದರ ಜಿಲ್ಲಾದಾಗ ರಾತ್ರಿ 10 ಡಿಗ್ರಿಕ್ಕಿಂತ ಕೆಳಗ ಇಳಿಯೋ ದಿನಾನೂ ಇರ್ತಾವ. ಆಗೂ ಗಾಳಿ ಒಣಾನೇ, ಹಿಮ್ಮಡಿ ಸೀಳ್ತಾವ, ತುಟಿ ಒಡೀತಾವ. ಆಗ ಹಸಿ ಚಾದರ ಖೋಲ್ಯಾಗ ಹಾಕಿದ್ರ ಮೊದಲೇ ಥಂಡಿ ಇದ್ದದ್ದು ಮತ್ತ ಥಂಡಿ ಆಗ್ತದ. ಅದಕ್ಕ ಬಿಸಿ ಇದ್ದ ಹಸಿ ಬೇಕು. ಮುಂಜಾನೆ ಜಳಕ ಆದ ಮ್ಯಾಲ ಬಚ್ಚಲ ಬಾಗಿಲ ಮನಿ ಕಡಿ ತೆರದಿಟ್ರ ಆ ಉಗಿ ಒಳಗ ಬರ್ತದ. ಅನ್ನ, ಬೇಳಿ ಕುದಿಯೋ ಮುಂದಿನ ಉಗಿನೂ ಅಡಗಿ ಮನಿ ಬಾಗಿಲ ತೆರದಿದ್ರ ಪಡಸಾಲಿಗಿ ಬರ್ತದ. ಇದರ ಸಲುವಾಗೇ ಬ್ಯಾರೆ ಗ್ಯಾಸ್ ಹಚ್ಚಿ ನೀರ ಕುದಿಸಬ್ಯಾಡ್ರಿ, ಮುಚ್ಚಿದ ಖೋಲ್ಯಾಗ ಇದ್ದಲಿ ಇಟ್ಟು ಅದರ ಮ್ಯಾಲ ಪಾತ್ರಿ ಇಡೋದಂತೂ ಬ್ಯಾಡೇ ಬ್ಯಾಡ, ಇದ್ದಲಿ ಹೊಗಿ ಕಣ್ಣಿಗಿ ಕಾಣಂಗಿಲ್ಲ, ನಿದ್ದ್ಯಾಗೇ ಜೀವ ತಗೋತದ. ರಾತ್ರಿ ಮೂಗಿನ ಹೊರಳಿಗಿ ಬೆರಳಿನ ತುದಿಯಷ್ಟು ಕೊಬ್ಬರಿ ಎಣ್ಣಿ ಸವರಿದ್ರ ಸಾಕು.

ಈ ಹಗ್ಗದ ಮಾತು ಹೇಳಿದಾಗಿನಿಂದ ಮೂರು ಮನಿಯವರು ಕೇಳ್ಯಾರ, ಹುಡುಗರ ಜೀನ್ಸ್ ಪ್ಯಾಂಟು ಜಲ್ದಿ ಒಣಗಂಗಿಲ್ಲಲ್ಲ, ಅವನ್ನೇನು ಮಾಡೋದು ಅಂತ. ಅವನ್ನ ರಾತ್ರಿಗಿ ಇಟ್ಟುಕೊಳ್ರಿ. ಮಧ್ಯಾಹ್ನಕ್ಕ ತೆಳು ಸೀರಿ, ಧೋತರ, ಅವು ಜೋರು ಝಳದಾಗ ಜಲ್ದಿ ಆರಿ ಜಲ್ದಿ ತಂಪ ಕೊಡ್ತಾವ. ಮಲಗೋ ಹೊತ್ತಿಗಿ ಸ್ಲ್ಯಾಬು ಹಗಲಿನ ಬಿಸಿ ಕಾರಲತ್ತಿರ್ತದ, ಆಗ ಜೀನ್ಸು, ದಪ್ಪ ಟವಲ್, ಸೋಲಾಪುರ ಚಾದರ ಹಾಕಿದ್ರ ಬೆಳಗಿನ ತನಕ ಸಾವಕಾಶ ಆರ್ತಾವ, ಯಾರೂ ಏಳಬೇಕಾಗಿಲ್ಲ. ಮಂಚದ ಮ್ಯಾಲ ಅಲ್ಲ, ಕಿಡಕಿ ಹಂತ್ಯಾಕ. ಬೆಳಿಗ್ಗೆ ಒಂದು ಅರ್ಧಾ ತಾಸು ಬಿಸಿಲಿಗಿ ಹಿಡದು ಮಡಚಿ ಇಡ್ರಿ.

ಹಗ್ಗಕ್ಕ ಗೋಡ್ಯಾಗ ಎರಡು ಕೊಂಡಿ ಮೊಳಿ ಹೊಡಸ್ರಿ, ಒಮ್ಮೆ ಹೊಡಸಿದ್ರ ಆಯ್ತು. ಮಿರಗ ಮಳಿ ಬಿದ್ದು ನೆಲದ ವಾಸನಿ ಬಂದ ದಿನ ಹಗ್ಗ ಬಿಚ್ಚಿ ಸುತ್ತಿ ಇಡ್ರಿ, ಅಂದಿನಿಂದ ಒಳಗ ಹಸಿ ಅರಿವಿ ಹಾಕಿದ್ರ ಗೋಡಿಗಿ ಬೂಷ್ಟು ಹಿಡೀತದ. ಮೊಳಿ ಮಾತ್ರ ಕೀಳಬ್ಯಾಡ್ರಿ, ಮುಂದಿನ ಹೋಳಿಗಿ ಮತ್ತ ಬೇಕಾಗ್ತಾವ.